ಮುಚ್ಚುವ ಗುರುತು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮನೆಯಲ್ಲಿ ನನ್ನನ್ನು ಪಟಾಕಿ ಅಂತಲೇ ಕರೆಯುವುದು. ಆದರೆ ಆ ದಿನ ನಡೆದದ್ದನ್ನು ಕೇಳಿದರೆ ಎಂಥ ತಣ್ಣನೆಯ ಮನುಷ್ಯರಿಗೂ ಮೈ ಉರಿಯಬೇಕು. ಬೇರೆ ಊರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಹಾಜರಾಗಬೇಕಿತ್ತು. ಹಿಂದೆ ಎರಡು ಸಲ ಮುಂದೂಡಿದ್ದೆ. ಈ ಸಲವೂ ಆಗದಿದ್ದರೆ ಬಿಡಿ, ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅವರು ನಯವಾಗಿಯೇ ಹೇಳಿದ್ದರು. ಆ ಊರಿಗೆ ಇರುವುದು ಒಂದೇ ಬಸ್ಸು, ಸಂಜೆ ಆರಕ್ಕೆ. ನನ್ನ ಸೂಟ್‌ಕೇಸು, ಕೈಚೀಲ ಎರಡೂ ಆಫೀಸಿನ ಮುಂದಿನ ಮೇಜಿನ ಪಕ್ಕ ಹೊರಡಲು ಸಿದ್ಧವಾಗಿ ನಿಂತಿದ್ದವು. ನಾನು ಮಾತ್ರ ಒಳಗಿನ ಯಂತ್ರದ ಕೋಣೆಯಲ್ಲಿ, ದೊಡ್ಡಪ್ಪನ ಜೊತೆ, ತೆರೆಯದ ಬಾಗಿಲಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದೆ.

ಆಫೀಸು ದೊಡ್ಡಪ್ಪನದೇ. ಕಾರ್ಡು ತೋರಿಸಿದರೆ ತೆರೆಯುವ ಬೀಗಗಳನ್ನು ಬಾಗಿಲುಗಳಿಗೆ ಕೂರಿಸುವುದು, ಅವಕ್ಕೆ ಬೇಕಾದ ಕೋಡ್ ಬರೆಯುವುದು ನಮ್ಮ ಕಸುಬು. ಬೀಗ ದೊಡ್ಡಪ್ಪನದು, ಕೋಡ್ ನನ್ನದು. ಫೋನು, ಬಿಲ್ಲು, ಬಂದವರ ಕಾಫಿ, ಎಲ್ಲರ ಮುಖದ ಗಂಟು ಬಿಡಿಸುವುದು ದೊಡ್ಡಮ್ಮನದು. ಗಿರಾಕಿಗಳಿಗೆ ತೋರಿಸಲಿಕ್ಕೆಂದು ದೊಡ್ಡಪ್ಪ ನಮ್ಮ ಆಫೀಸಿನ ಪ್ರತಿ ಬಾಗಿಲಿಗೂ ಅದೇ ಬೀಗ ಹಾಕಿಸಿದ್ದರು. ಮುಂಬಾಗಿಲಿಗೆ, ತಮ್ಮ ಕೋಣೆಗೆ, ಸಾಮಾನಿನ ಕೋಣೆಗೆ, ಕಡೆಗೆ ಕಕ್ಕಸಿಗೂ! ಒಳಗಿದ್ದವರು ಹೊರಗೆ ಬರಬೇಕಾದರೂ ಗೋಡೆಯ ಮೇಲಿನ ಗುಂಡಿ ಒತ್ತಬೇಕು. ಗುಂಡಿ ಹೋಗಿ ಯಂತ್ರವನ್ನು, ಅಂದರೆ ಎಲ್ಲ ಬೀಗಗಳನ್ನೂ ನಡೆಸುವ ದೊಡ್ಡ ಕಂಪ್ಯೂಟರನ್ನು, ಕೇಳುತ್ತದೆ, ಯಂತ್ರ ಹೂಂ ಅಂದರೆ ಬೀಗ ಬಿಡುತ್ತದೆ.

"ಉತ್ತರ ಬರ್ಲಿಲ್ಲ ಅಂದ್ರೆ ಬೀಗ ಮುಚ್ಕೊಂಡೇ ಇರ್ಬೇಕು. ಕರೆಂಟ್ ಹೋದ್ರೂ ಅಷ್ಟೇ. ಅದಕ್ಕೇ ಅಲ್ವಾ ಬೀಗ ಅನ್ನೋದು?" ಎಂದು ದೊಡ್ಡಪ್ಪ ಗಿರಾಕಿಗಳ ಮುಂದೆ ಎದೆಯುಬ್ಬಿಸುತ್ತಿದ್ದರು.

"ಒಳಗಿರೋರ ಗತಿ?" ಎಂದು ನಾನು ಕೇಳಿದರೆ, "ಯಂತ್ರ ಯಾವತ್ತಾದ್ರೂ ಕೈಕೊಟ್ಟಿದ್ಯಾ?" ಎನ್ನುತ್ತಿದ್ದರು. ಕೊಟ್ಟಿರಲಿಲ್ಲ. ಕೊಡದ ಹಾಗೆ ನೋಡಿಕೊಂಡವಳು ನಾನು ಎನ್ನುವುದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ನನ್ನನ್ನು ಬೆಳೆಸಿದವರೇ ಈ ಇಬ್ಬರು. ಅಮ್ಮ ನನ್ನನ್ನು ಹೆತ್ತ ಕೆಲವೇ ದಿನಕ್ಕೆ ತೀರಿಹೋದಳು. ನಾನು ಅಕ್ಷರ ಕಲಿಯುವ ವಯಸ್ಸಿನಲ್ಲಿ ಅಪ್ಪ ಕೆಲಸ ಹುಡುಕಿಕೊಂಡು ಬಸ್ಸು ಹತ್ತಿದವರು ಮತ್ತೆ ಬರಲಿಲ್ಲ. ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ದೊಡ್ಡಪ್ಪ ನನ್ನನ್ನು ಓದಿಸಿದರು, ಕೋಡ್ ಬರೆಯುವುದನ್ನು ತಾವೇ ಪಕ್ಕದಲ್ಲಿ ಕೂತು ಕಲಿಸಿದರು, ಆಮೇಲೆ ತಮ್ಮ ಆಫೀಸಿನಲ್ಲೇ ಒಂದು ಕುರ್ಚಿ ಹಾಕಿ ಕೂರಿಸಿದರು. ಆ ಕುರ್ಚಿಯಿಂದ ಏಳುವುದು ಹೇಗೆ ಎನ್ನುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಮನೆಯಲ್ಲೂ ಅವರೇ, ಆಫೀಸಿನಲ್ಲೂ ಅವರೇ. ನಡುವಿನ ದಾರಿಯಲ್ಲಿ ಸ್ಕೂಟರಿನ ಮುಂದೆಯೂ ಅವರ ಬೆನ್ನೇ.

ನಮ್ಮಿಬ್ಬರ ಜಗಳ ಯಾವತ್ತೂ ಒಂದೇ. ಹೊರಗಿನವರು ಕೇಳಿದರೆ ನಗುತ್ತಾರೆ, ನಗಲಿ. ನಾವು ಬರೆಯುವ ಭಾಷೆಯಲ್ಲಿ ಪ್ರತಿ ಫೈಲಿನ ತಲೆಯಲ್ಲಿ ಒಂದು ತೆರೆಯುವ ಗುರುತು ಹಾಕಬೇಕು. ಇಲ್ಲಿಂದ ಕೋಡ್ ಶುರು ಎಂದು ಯಂತ್ರಕ್ಕೆ ಅದು ಹೇಳುತ್ತದೆ. ಕೊನೆಯಲ್ಲಿ ಒಂದು ಮುಚ್ಚುವ ಗುರುತು ಉಂಟು, ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ಒಂದು ಬಾಣದ ಮೂತಿ, ಅಷ್ಟೇ. ಅದನ್ನು ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಬಿಡಬೇಕು ಎನ್ನುವುದು ನನ್ನ ಪಕ್ಷ. ಯಾಕೆಂದರೆ ಆ ಗುರುತಿನ ಆಚೆ ಏನೇ ಬಿದ್ದಿರಲಿ, ಯಂತ್ರ ಅದನ್ನು ಕೋಡ್ ಎಂದು ತಿಳಿಯುವುದಿಲ್ಲ, ಹಾಗೆಯೇ ಹೊರಗೆ ಕಕ್ಕುತ್ತದೆ. ಒಂದು ಖಾಲಿ ಸಾಲು ಬಿದ್ದಿದ್ದರೂ ಕಕ್ಕುತ್ತದೆ. ಬೀಗ ಕಾಯುವುದು ‘1’ ಎನ್ನುವ ಒಂದು ಅಂಕಿಗೆ. ಅದರ ಮುಂದೆ ಖಾಲಿ ಸಾಲು ಬಂತೋ, ಬೀಗಕ್ಕೆ ಅರ್ಥವಾಗುವುದಿಲ್ಲ. ಬೀಗಕ್ಕೆ ಅರ್ಥವಾಗದಿದ್ದರೆ ಏನು ಮಾಡುತ್ತದೆ ಎಂದು ಆಗಲೇ ಹೇಳಿದೆನಲ್ಲ, ಮುಚ್ಚಿಕೊಂಡೇ ಇರುತ್ತದೆ.

ದೊಡ್ಡಪ್ಪನದು ಇನ್ನೊಂದು ಪುರಾಣ. ಬಹಳ ಹಿಂದೆ, ಫೋನಿನ ತಂತಿಯಲ್ಲೇ ಫೈಲು ಕಳಿಸುತ್ತಿದ್ದ ಕಾಲದಲ್ಲಿ, ಒಬ್ಬ ಗಿರಾಕಿಗೆ ಕಳಿಸಿದ ಫೈಲು ಅರ್ಧಕ್ಕೇ ಕತ್ತರಿಸಿಹೋಗಿತ್ತಂತೆ. ಅರ್ಧ ಫೈಲೂ ನೋಡಲಿಕ್ಕೆ ಪೂರ್ತಿ ಫೈಲಿನ ಹಾಗೇ ಇತ್ತಂತೆ. ಅದು ಹಾಗೆಯೇ ಓಡಿ, ಆ ಗಿರಾಕಿಯ ಬಾಗಿಲುಗಳೆಲ್ಲ ಇಡೀ ದಿನ ಹಾರು ಹೊಡೆದಿದ್ದವಂತೆ. ಅಂದಿನಿಂದ ಅವರ ಹಟ, ಪ್ರತಿ ಫೈಲಿಗೂ ಕೊನೆಯ ಗುರುತು ಇರಲೇಬೇಕು. "ಅದು ಕಂಡ್ರೆ ಪೂರ್ತಿ ತಲುಪಿದೆ ಅಂತ. ಕಾಣ್ಲಿಲ್ಲ ಅಂದ್ರೆ? ಅರ್ಧ ದಾರೀಲಿ ನಿಂತಿದ್ಯೋ, ಮುಗಿದಿದ್ಯೋ, ಯಾರಿಗೆ ಗೊತ್ತು?" ಎನ್ನುತ್ತಿದ್ದರು. ಈಗ ಫೈಲುಗಳು ಹಾಗೆಲ್ಲ ಅರ್ಧಕ್ಕೆ ನಿಲ್ಲುವುದಿಲ್ಲ ಎಂದು ನಾನು ಬಾಯಿ ಹರಿದುಕೊಂಡು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾನು ಗುರುತು ಬಿಟ್ಟು ಬರೆಯುತ್ತಿದ್ದೆ, ಅವರು ಬಂದು ಹಾಕುತ್ತಿದ್ದರು. ಅವರು ಹೋದ ಮೇಲೆ ನಾನು ತೆಗೆಯುತ್ತಿದ್ದೆ. ಹೀಗೇ ವರ್ಷಗಳು ಹೋದವು.

ನಾನು ಹೊರಡುತ್ತೇನೆ ಎಂದು ಮೊದಲ ಸಲ ಹೇಳಿದಾಗ ದೊಡ್ಡಪ್ಪ, "ಹೋಗುವಿಯಂತೆ ಇರು, ಆ ಆಸ್ಪತ್ರೆ ಕೆಲಸ ಮುಗೀಲಿ" ಎಂದರು. ಎರಡನೇ ಸಲ ಹೊಸ ಬೀಗ ಬಂತು. ಮೂರನೇ ಸಲ ನಾನು ಬಸ್ಸಿನ ಟಿಕೇಟು ತೆಗೆದುಕೊಂಡೇ ಬಂದು ಮೇಜಿನ ಮೇಲೆ ಇಟ್ಟೆ. ಅವರು ಟಿಕೇಟನ್ನು ತಿರುಗಿಸಿ ನೋಡಿ, "ಸರಿ. ಆದ್ರೆ ಎಲ್ಲಾ ಫೈಲಿಗೂ ಮುಚ್ಚೋ ಗುರುತು ಹಾಕಿ ಹೋಗು. ಅಷ್ಟು ಮಾಡು ನನಗೋಸ್ಕರ" ಎಂದರು.

ಇಷ್ಟೇನಾ! ನನಗೆ ಕುಣಿಯುವಷ್ಟು ಖುಷಿ. ಕೈಯಲ್ಲಿ ಒಂದೊಂದೇ ಹಾಕುವ ಗೋಳು ಯಾರಿಗೆ ಬೇಕು? ಗುರುತಿಲ್ಲದ ಫೈಲುಗಳನ್ನು ಹುಡುಕಿ, ಕೊನೆಯಲ್ಲಿ ಗುರುತು, ಅದರ ನಂತರ ಸಾಲು ಮುಗಿಸುವ ಒಂದು ಎಂಟರ್ ಹಾಕುವ ಪುಟ್ಟ ಪ್ರೋಗ್ರಾಮು ಬರೆದು ಓಡಿಸಿದೆ. ಆ ಒಂದು ಎಂಟರಿನಿಂದ ತೊಂದರೆಯಿಲ್ಲ, ಗುರುತಿಗೆ ಅಂಟಿಕೊಂಡ ಒಂದನ್ನು ಯಂತ್ರ ಪಾಪ ಎಂದು ನುಂಗಿಕೊಳ್ಳುತ್ತದೆ. ಎರಡನೆಯದನ್ನು ನುಂಗುವುದಿಲ್ಲ, ಅದು ಖಾಲಿ ಸಾಲಾಗಿ ಹೊರಗೆ ಬೀಳುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು. "ಎಲ್ಲಾ ಮುಚ್ಚಿದೆ ದೊಡ್ಡಪ್ಪ" ಎಂದೆ. "ನಾನೂ ಒಂದ್ಸಲ ಕಣ್ಣಾಡಿಸ್ತೀನಿ" ಎಂದರು. ಆಡಿಸಲಿ ಬಿಡು, ಅವರಿಗೂ ಒಂದು ಸಮಾಧಾನ ಎಂದುಕೊಂಡು ನಾನು ಬಟ್ಟೆ ಇಸ್ತ್ರಿ ಮಾಡಿಸಲು ಹೋದೆ.

ವಾರ ಕಳೆದು, ಆ ಕೊನೆಯ ಮಧ್ಯಾಹ್ನ ಹೊಸ ಫೈಲುಗಳನ್ನು ಯಂತ್ರಕ್ಕೆ ಹಾಕಲೆಂದು ಇಬ್ಬರೂ ಯಂತ್ರದ ಕೋಣೆಗೆ ಹೋದೆವು. ಅದು ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ತಗಡು ಹೊಡೆದಿದೆ, ಬಾಗಿಲು ಮುಚ್ಚಿದರೆ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ. ಒಂದು ಮೇಜು, ಒಂದು ಕುರ್ಚಿ, ಗೋಡೆಯಲ್ಲಿ ಮುಂದಿನ ಮೇಜಿಗೆ ಮಾತ್ರ ಹೋಗುವ ಒಂದು ಫೋನು, ಗಡಿಯಾರ. ಚಳಿಗೆ ಹಲ್ಲು ಕಟಕಟ ಎನ್ನುವಷ್ಟು ತಂಪು. ದೊಡ್ಡಪ್ಪ ಕೈ ಅಡ್ಡ ಹಿಡಿದು ತಮ್ಮ ಪಾಸ್‌ವರ್ಡ್ ಹೊಡೆದರು. ನನಗೂ ತೋರಿಸುವುದಿಲ್ಲ, ಅಷ್ಟು ನಂಬಿಕೆ! ಫೈಲುಗಳು ಹೋಗಿ ಕೂತವು. ಪರದೆಯ ಮೇಲೆ ತೆರೆದು ನೋಡಿದರೆ ಎಲ್ಲ ಸರಿಯಾಗಿತ್ತು. ಖಾಲಿ ಸಾಲು ಪರದೆಯ ಮೇಲೆ ಕಾಣುವುದಿಲ್ಲವಲ್ಲ. "ಮುಗೀತು" ಎಂದರು ದೊಡ್ಡಪ್ಪ. ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. "ಬರ್ತೀನಿ ಹಾಗಾದ್ರೆ" ಎಂದು ನಾನು ಗುಂಡಿ ಒತ್ತಿದೆ.

ಕೆಂಪು ದೀಪ.

ಮತ್ತೆ ಒತ್ತಿದೆ. ಕೆಂಪು. ಕಾರ್ಡು ಉಜ್ಜಿದೆ. ಕೆಂಪು. ದೊಡ್ಡಪ್ಪ ತಮ್ಮ ಕಾರ್ಡು ತೋರಿಸಿದರು, ಮಾಲೀಕರ ಕಾರ್ಡು, ಎಲ್ಲ ಬಾಗಿಲಿಗೂ ಆಗುವಂಥದು. ಅದಕ್ಕೂ ಕೆಂಪು.

"ತಂತಿ ಸಡಿಲ ಆಗಿರ್ಬೇಕು" ಎಂದರು ಅವರು.

"ಯಂತ್ರ ಕೆಟ್ರೆ ತೆಗೆಯೋ ಕೀಲಿಕೈ ಎಲ್ಲಿದೆ?"

"ನನ್ನ ಕೋಣೇಲಿ, ಮೊಳೆಗೆ ನೇತುಹಾಕಿದೀನಿ."

"ಹಳೇ ಫೈಲುಗಳ ಪ್ರತಿ? ಅದನ್ನೇ ವಾಪಸ್ ಹಾಕೋಣ."

"ಅದೂ ಅಲ್ಲೇ. ಕಪಾಟಲ್ಲಿ ಇಟ್ಟು ಬೀಗ ಹಾಕಿದೀನಿ. ಭದ್ರವಾಗಿರ್ಲಿ ಅಂತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೋಡೆಯ ಫೋನು ಎತ್ತಿ ಮುಂದಿನ ಮೇಜಿಗೆ ಹೊಡೆದೆ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ದೊಡ್ಡಮ್ಮ ಎಲ್ಲಿ ಹಾಳಾಗಿ ಹೋದಳು ಎಂದು ಗೊಣಗುವಷ್ಟರಲ್ಲಿ ಹಿಂದಿನ ಗೋಡೆಯ ಆಚೆಯಿಂದ ದಬದಬ ಸದ್ದು ಕೇಳಿಸಿತು. ನಮ್ಮ ಕಕ್ಕಸು ಇರುವುದು ಆ ಗೋಡೆಯ ಆಚೆ.

"ಯಾರ್ರೀ ಅಲ್ಲಿ! ಬಾಗಿಲು ತೆಗೀರೀ! ಈ ದರಿದ್ರ ಗುಂಡಿ ಒತ್ತೀ ಒತ್ತೀ ನನ್ನ ಬೆರಳೇ ಸವೀತು!"

"ದೊಡ್ಡಮ್ಮಾ, ನಾವೂ ಒಳಗೇ ಸಿಕ್ಕಾಕೊಂಡಿದೀವಿ!" ಎಂದು ನಾನು ತಗಡಿಗೆ ಬಾಯಿಟ್ಟು ಕೂಗಿದೆ.

ಆಚೆ ಬಾಗಿಲಿಗೆ ಇನ್ನೊಂದು ಗುದ್ದು ಬಿತ್ತು. ಆಮೇಲೆ, "ನಾನು ಆವತ್ತೇ ಬಡ್ಕೊಂಡೆ, ಕಕ್ಕಸಿಗ್ಯಾಕ್ರೀ ಕಂಪ್ಯೂಟರ್ ಬೀಗ ಅಂತ! ಒಂದು ಚಿಲಕ ಹಾಕ್ಸಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತಾ? ಪಟಾಕೀ, ಗಂಟೆ ಎಷ್ಟಾಯ್ತೇ?"

"ಐದಾಗ್ತಾ ಬಂತು!"

"ರೀ, ಇವಳ ಬಸ್ಸು ಏನಾದ್ರೂ ತಪ್ಪಿತೋ, ಇನ್ಮೇಲೆ ನಿಮ್ಮ ಊಟ ನೀವೇ ಬೇಯಿಸ್ಕೊಳ್ಳಿ!"

ದೊಡ್ಡಪ್ಪ ಮೇಜಿನ ಕೆಳಗೆ ತೂರಿ ತಂತಿಗಳನ್ನು ಒಂದೊಂದೇ ಎಳೆದು ಎಳೆದು ನೋಡತೊಡಗಿದರು. ಅವರ ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ನನಗೆ ತಂತಿಯ ಮಾತು ಕಿಂಚಿತ್ತೂ ನಂಬಿಕೆಯಾಗಲಿಲ್ಲ. ನಾಲ್ಕೂವರೆಯ ತನಕ ತೆರೆಯುತ್ತಿದ್ದ ಬಾಗಿಲು, ಹೊಸ ಫೈಲು ಹಾಕಿದ ಕೂಡಲೇ ಮುಚ್ಚಿಕೊಂಡಿದೆ.

"ದೊಡ್ಡಪ್ಪ, ತಂತಿ ಅಲ್ಲ ಅದು. ಗುರುತು. ಯಾವುದೋ ಫೈಲಲ್ಲಿ ಗುರುತಿನ ಆಚೆ ಏನೋ ಉಳಿದಿದೆ. ಪಾಸ್‌ವರ್ಡ್ ಹಾಕಿ, ನಾನು ನೋಡ್ತೀನಿ."

"ಎಲ್ಲಾ ಫೈಲೂ ನೋಡಿಯಾಗಿದೆ. ಏನೂ ಉಳಿದಿಲ್ಲ."

"ಹಾಕಿ ಅಂದ್ರೆ!"

"ತಂತಿ ನೋಡಿ ಮುಗಿಸ್ತೀನಿ, ತಾಳು."

ತಾಳು! ಹುಟ್ಟಿದಾಗಿನಿಂದ ಕೇಳಿದ ಮಾತು. ಗಡಿಯಾರದ ಮುಳ್ಳು ಮುಂದೆ ಹೋಗುತ್ತಲೇ ಇತ್ತು. ಉಸಿರು ಎಳೆದುಕೊಂಡರೂ ಸಾಲದು ಅನ್ನಿಸತೊಡಗಿತು. ಗೋಡೆಗಳು ಹತ್ತಿರ ಬಂದವೋ ನನಗೇ ತಲೆ ತಿರುಗಿತೋ ತಿಳಿಯದು. ಬಾಗಿಲಿಗೆ ಭುಜ ಕೊಟ್ಟು ತಳ್ಳಿದೆ, ಒದ್ದೆ. ದೊಡ್ಡಪ್ಪ ತಾವೇ ನಿಂತು ಕೂರಿಸಿದ ಬಾಗಿಲು ಅದು, ಅಲ್ಲಾಡಲಿಲ್ಲ. ಹಾಗೆ ಒದೆಯುತ್ತಿದ್ದಾಗ ನನಗೆ ಒಂದು ಅನುಮಾನ ಬಂತು. ಬಂದದ್ದೇ ತಡ, ಬಾಯಿಂದ ಹೊರಬಿತ್ತು.

"ಬೇಕೂಂತ ಮಾಡಿದ್ರಾ?"

ಮೇಜಿನ ಕೆಳಗೆ ತಂತಿ ಎಳೆಯುವ ಸದ್ದು ನಿಂತಿತು.

"ಮೊದಲು ಆಸ್ಪತ್ರೆ ಕೆಲಸ ಅಂದ್ರಿ, ಆಮೇಲೆ ಹೊಸ ಬೀಗ. ಈಗ ಇದು. ಈ ಬಸ್ಸೂ ತಪ್ಪಿದ್ರೆ ಆ ಕೆಲಸ ಹೋಯ್ತು, ನಾನು ಸಾಯೋ ತನಕ ನಿಮ್ಮ ಕಣ್ಣೆದುರೇ ಕೂತಿರ್ತೀನಿ. ಅದೇ ಅಲ್ವಾ ನಿಮಗೆ ಬೇಕಾಗಿರೋದು? ನನ್ನ ಸುತ್ತ ಬೀಗ ಹಾಕೋಕೆ ಈ ಆಫೀಸೇ ಬೇಕಿತ್ತಾ?"

ಆಚೆಯಿಂದ ದೊಡ್ಡಮ್ಮ, "ಏಯ್ ಪಟಾಕೀ, ಬಾಯಿ ಬಿಗಿ ಹಿಡಿ!" ಎಂದು ಗದರಿದಳು. ತಗಡಿನ ಗೋಡೆ, ಎಲ್ಲ ಕೇಳಿಸುತ್ತಿತ್ತು.

ದೊಡ್ಡಪ್ಪ ಮೆಲ್ಲಗೆ ಹೊರಗೆ ಬಂದರು. ಮಂಡಿಗೆ ಧೂಳು ಮೆತ್ತಿತ್ತು, ಕೊಡವಿಕೊಳ್ಳಲಿಲ್ಲ. ಮುಖ ಬಿಳುಚಿಕೊಂಡಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಹೋಗಿ ಪಾಸ್‌ವರ್ಡ್ ಹೊಡೆದರು, ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

ನಾನು ಕೂತು ಬೀಗಕ್ಕೆ ಉತ್ತರ ಕೊಡುವ ಫೈಲನ್ನು ತೆರೆದೆ. ಅದು ಉತ್ತರ ಕೊಡುವ ಮೊದಲು ಹತ್ತಾರು ಬೇರೆ ಫೈಲುಗಳನ್ನು ಕರೆಯುತ್ತದೆ. ಮೊದಲನೆಯದನ್ನು ತೆರೆದು ಕೊನೆಗೆ ಹೋದೆ. ಗುರುತು ಇತ್ತು. ನನ್ನ ಪ್ರೋಗ್ರಾಮು ಹಾಕಿದ ಒಂದು ಎಂಟರ್ ಇತ್ತು. ಅದರ ಕೆಳಗೆ ಇನ್ನೊಂದು. ಆ ಇನ್ನೊಂದು ನನ್ನದಲ್ಲ. ಅಳಿಸಿದೆ, ಉಳಿಸಿದೆ, ಓಡಿಹೋಗಿ ಗುಂಡಿ ಒತ್ತಿದೆ. ಕೆಂಪು. ಎರಡನೆಯ ಫೈಲು ತೆರೆದೆ. ಅದರಲ್ಲೂ ಇತ್ತು. ಮೂರನೆಯದರಲ್ಲೂ.

"ಇದೇನು ದೊಡ್ಡಪ್ಪ?"

ಅವರು ಬಗ್ಗಿ, ಕನ್ನಡಕ ಏರಿಸಿ ನೋಡಿದರು. ನೋಡುತ್ತಿದ್ದಂತೆ ಅವರ ಬೆರಳು ಗಾಳಿಯಲ್ಲೇ ಒಂದು ಸಲ ಎಂಟರ್ ಒತ್ತಿತು. ನನಗೆ ಆಗಲೇ ಅರ್ಥವಾಯಿತು. ಅವರದು ಹಳೆಯ ಅಭ್ಯಾಸ. ಏನೇ ಓದಿ ಮುಗಿಸಲಿ, ಕೊನೆಯಲ್ಲಿ ಒಂದು ಎಂಟರ್ ಒತ್ತುತ್ತಾರೆ, ಪತ್ರ ಓದಿ ಕೆಳಗೆ ಗೆರೆ ಎಳೆಯುವ ಹಾಗೆ. ಕೆಳಗೆ ಇನ್ನೇನೂ ಇಲ್ಲ ಎಂದು ತಮಗೆ ತಾವೇ ಖಾತ್ರಿ ಮಾಡಿಕೊಳ್ಳುವ ರೀತಿ.

"ನಾನು... ನೋಡಿ ಮುಗಿಸಿದ ಮೇಲೆ..."

"ಯಾವ್ಯಾವ ಫೈಲು ನೋಡಿದ್ರಿ?"

"ಎಲ್ಲಾ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ! ವಾರವೆಲ್ಲ ಕೂತು ನೋಡಿದೀನಿ. ನೀನು ಹೋದ ಮೇಲೆ ಯಾವ ಗಿರಾಕಿನೂ ಬಂದು, ಆ ಹುಡುಗಿ ಇಲ್ಲಿ ತಪ್ಪು ಮಾಡಿದಾಳೆ, ಅಲ್ಲಿ ಬಿಟ್ಟಿದಾಳೆ ಅನ್ಬಾರದು ಅಂತ. ನಿನ್ನ ಹೆಸರಿಗೆ ಒಂದು ಚುಕ್ಕೆ ಬರ್ಬಾರದು ಅಂತ ನೋಡಿದೆ ಕಣಮ್ಮಾ. ನಿನ್ನ ಕಟ್ಟಿಹಾಕೋಕಲ್ಲ. ನಿಶ್ಚಿಂತೆಯಾಗಿ ಕಳಿಸೋಕೆ."

ಆಡಿದ ಮಾತು ನುಂಗುವ ಹಾಗಿರಲಿಲ್ಲ. ನಾನು ಪರದೆಯನ್ನೇ ನೋಡುತ್ತಾ ಕೂತೆ. ಅವರು ಗೋಡೆಗೆ ಒರಗಿ ನಿಂತರು.

"ಆದ್ರೂ ನೀನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ," ಎಂದರು. "ಆಸ್ಪತ್ರೆ ಕೆಲಸ ನಿನ್ನಿಲ್ದೆ ಆಗ್ತಿತ್ತು. ಹೊಸ ಬೀಗಾನೂ ಆಗ್ತಿತ್ತು. ಭಯ ನನಗೆ."

"ಯಾತರ ಭಯ?"

"ನಿಮ್ಮಪ್ಪನ್ನ ಬಸ್ಸು ಹತ್ತಿಸಿದ್ದು ನಾನೇ. ಕಿಟಕಿ ಪಕ್ಕ ಜಾಗ ಹಿಡಿದುಕೊಟ್ಟೆ. ತಲುಪಿದ ತಕ್ಷಣ ಫೋನ್ ಮಾಡ್ತೀನಿ ಅಣ್ಣಾ ಅಂದ. ತಲುಪಿದ್ನೋ, ದಾರೀಲೇ ಇಳಿದ್ನೋ, ಏನಾದ್ನೋ... ಇವತ್ತಿಗೂ ಗೊತ್ತಿಲ್ಲ. ಸತ್ತ ಅಂತ ಗೊತ್ತಾಗಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಮುಗೀತು ಅಂತ ಯಾರೂ ಹೇಳ್ಲಿಲ್ವಲ್ಲ ನನಗೆ."

ಗೋಡೆಯ ಆಚೆ ದೊಡ್ಡಮ್ಮ ಮುಚ್ಚಿದ ಕಕ್ಕಸಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನನಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ. ದೊಡ್ಡಪ್ಪನಿಗಂತೂ ತಮ್ಮ ಇಷ್ಟು ವರ್ಷವೂ ಕಣ್ಣಿಗೆ ಕಟ್ಟಿದ ಹಾಗೇ ಇದ್ದ. ಅಪ್ಪ ವಾಪಸು ಬರಬೇಕಿದ್ದ ಆ ಒಂದೇ ಬಸ್ಸಿಗಾಗಿ ಇಬ್ಬರೂ ಕಾದಿದ್ದೆವಲ್ಲ ಅನ್ನಿಸಿತು.

"ಗಂಟೆ ನೋಡೇ!" ಎಂದಳು ದೊಡ್ಡಮ್ಮ ಆಚೆಯಿಂದ. ದನಿ ಒಡೆದಿತ್ತು.

ಐದೂಕಾಲು ದಾಟಿತ್ತು. ಬಸ್ ನಿಲ್ದಾಣಕ್ಕೆ ಆಟೋದಲ್ಲಿ ಹೋದರೂ ಅರ್ಧ ಗಂಟೆ ಬೇಕು. ನಾನು ಕಣ್ಣೊರೆಸಿಕೊಂಡು ಕೀಬೋರ್ಡಿಗೆ ಕೈಯಿಟ್ಟೆ. ಎಲ್ಲ ಫೈಲುಗಳನ್ನೂ ಒಟ್ಟಿಗೇ ಸರಿಮಾಡುವ ಪ್ರೋಗ್ರಾಮು ಬರೆಯಬೇಕು. ಎರಡು ದಾರಿಯಿತ್ತು. ಗುರುತನ್ನು ಉಳಿಸಿ, ಅದರ ಕೆಳಗಿನ ಖಾಲಿ ಸಾಲನ್ನು ಮಾತ್ರ ತೆಗೆಯಬಹುದು. ಇಲ್ಲವೆ ಗುರುತನ್ನೇ ಕಿತ್ತುಹಾಕಬಹುದು. ಇಷ್ಟು ವರ್ಷ ಕಿತ್ತಾಡಿದವಳು ನಾನೇ, ಗೆಲುವು ಕೈಗೆ ಬಂದು ಕೂತಿತ್ತು. ಆದರೆ ಆ ಮಾತು ಕೇಳಿದ ಮೇಲೆ ಕಿತ್ತುಹಾಕಲು ಕೈ ಬರಲಿಲ್ಲ.

"ಗುರುತು ಇರ್ಲಿ ದೊಡ್ಡಪ್ಪ. ಖಾಲಿ ಸಾಲು ಮಾತ್ರ ತೆಗೀತೀನಿ."

ಅವರು ತಲೆಯಾಡಿಸಿದರು. "ಬೇಡ. ಗುರುತೇ ತೆಗೆದುಬಿಡು."

"ಯಾಕೆ?"

"ನಾನು ಮತ್ತೆ ಎಂಟರ್ ಒತ್ತೇ ಒತ್ತೀನಿ. ಕೈಗೆ ಅಂಟಿದ ಚಟ, ಹೋಗಲ್ಲ. ನಾಳೆ ಬಾಗಿಲು ತೆಗೆಯೋಕೆ ನೀನು ಇಲ್ಲಿ ಇರಲ್ವಲ್ಲ."

ಗುರುತಿಲ್ಲದಿದ್ದರೆ ಅವರು ಎಷ್ಟು ಎಂಟರ್ ಒತ್ತಿದರೂ ಅದು ಕೋಡಿನೊಳಗೇ ಉಳಿಯುತ್ತದೆ, ಹೊರಗೆ ಬೀಳುವುದಿಲ್ಲ. ಅಷ್ಟು ದಿನ ನಾನು ಬಡಿದುಕೊಂಡದ್ದೇ ಅದು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಅವಸರದಲ್ಲಿ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಓಡಿತು. ಪರದೆಯ ಮೇಲೆ ಫೈಲುಗಳ ಹೆಸರು ಸರಸರ ಹರಿದುಹೋದವು. ಅವರು ವಾರವೆಲ್ಲ ಕೂತು ನೋಡಿದ ಒಂದೊಂದು ಫೈಲೂ. ನಾನು ಗುಂಡಿಯ ಹತ್ತಿರ ಹೋಗುವ ಮೊದಲೇ ಆಚೆಯಿಂದ ಟಿಕ್ ಎನ್ನುವ ಸದ್ದು, ಅದರ ಹಿಂದೆಯೇ "ಅಬ್ಬಾ ದೇವರೇ!" ಎನ್ನುವ ದೊಡ್ಡಮ್ಮನ ಕೂಗು ಕೇಳಿಸಿತು. ಅವಳು ಗುಂಡಿಯ ಮೇಲಿಂದ ಬೆರಳು ತೆಗೆದೇ ಇರಲಿಲ್ಲವಂತೆ.

ಆಮೇಲಿನದೆಲ್ಲ ಓಟ. ದೊಡ್ಡಮ್ಮ ರಸ್ತೆಗೇ ಇಳಿದು ಆಟೋ ನಿಲ್ಲಿಸಿದಳು, ನನ್ನ ಕೈಗೆ ಒಂದು ಪೊಟ್ಟಣ ತುರುಕಿದಳು, ಕೆನ್ನೆಗೆ ಒಂದು ಏಟು ಕೊಟ್ಟು ಅದೇ ಕೆನ್ನೆಗೆ ಮುತ್ತಿಟ್ಟಳು. ಏಟು ಯಾತಕ್ಕೆ ಎಂದು ನನಗೆ ಗೊತ್ತಿತ್ತು. ದೊಡ್ಡಪ್ಪ ಸೂಟ್‌ಕೇಸನ್ನು ಆಟೋದೊಳಗೆ ಇಟ್ಟರು. ನಿಲ್ದಾಣಕ್ಕೆ ಬರುತ್ತೇನೆ ಎನ್ನಲಿಲ್ಲ. ಇನ್ನೊಬ್ಬರಿಗೆ ಕಿಟಕಿ ಪಕ್ಕ ಜಾಗ ಹಿಡಿದುಕೊಡುವ ಶಕ್ತಿ ಅವರಿಗೆ ಉಳಿದಿರಲಿಕ್ಕಿಲ್ಲ. ನಾನು, "ದೊಡ್ಡಪ್ಪ, ನಾನು ಆಗ ಅಂದಿದ್ದು..." ಎಂದು ಶುರುಮಾಡಿದೆ.

"ಅದಿರ್ಲಿ, ಹೊರಡು ಹೊರಡು. ತಲುಪಿದ ಮೇಲೆ ಫೋನ್ ಮಾಡು" ಎಂದರು ಅಷ್ಟೇ.

ಬಸ್ಸು ಸಿಕ್ಕಿತು. ಬೆಳಿಗ್ಗೆ ಹೊಸ ಊರಲ್ಲಿ ಇಳಿದೆ. ಎಷ್ಟು ವರ್ಷದಿಂದ ಕನಸು ಕಂಡ ಬೆಳಗು! ಎದುರಿಗೆ ಯಾರ ಬೆನ್ನೂ ಇಲ್ಲದ ರಸ್ತೆ. ನಿಜ ಹೇಳಲೇ? ಕೈಯಲ್ಲಿ ಫೋನು ಹಿಡಿದೂ ನಾನು ಕರೆ ಮಾಡಲಿಲ್ಲ. ಹೊರಗೆ ಬಂದ ಮೊದಲ ಗಳಿಗೆಯಲ್ಲೇ ಮತ್ತೆ ಅವರಿಗೆ ವರದಿ ಒಪ್ಪಿಸಬೇಕೆ ಎಂದು ಒಳಗಿನ ಹಟಮಾರಿ ಎದ್ದು ಕೂತಿದ್ದಳು. ಮಧ್ಯಾಹ್ನ ಮಾಡಿದರಾಯಿತು ಎಂದುಕೊಂಡು ಆಫೀಸಿಗೆ ಹೋದೆ.

ಅಲ್ಲಿ ನನ್ನ ಮೇಲಿನವರು ಒಬ್ಬ ಚುರುಕು ಹೆಂಗಸು. ಕುರ್ಚಿ ತೋರಿಸಿ, ಮೊದಲ ಮಾತೇ, "ನಮ್ಮಲ್ಲಿ ಒಂದು ನಿಯಮ, ಫೈಲಿನ ಕೊನೇಲಿ ಮುಚ್ಚೋ ಗುರುತು ಹಾಕಲ್ಲ. ನಿಮಗೇನಾದ್ರೂ ತಕರಾರು?" ಎಂದರು.

"ಖಂಡಿತ ಇಲ್ಲ" ಎಂದೆ. ಕುಣಿಯಬೇಕಾಗಿತ್ತು ನಾನು. ಅವರು ಒಂದು ಫೈಲು ತೆರೆದುಕೊಟ್ಟು ಹೋದರು. ಮೇಲಿನಿಂದ ಕೆಳಗಿನ ತನಕ ಓದಿದೆ. ಅಚ್ಚುಕಟ್ಟಾದ ಕೋಡು. ಕೊನೆಯ ಸಾಲು ಬಂತು, ಅದರ ಕೆಳಗೆ ಏನೂ ಇಲ್ಲ. ಇಷ್ಟೇನಾ, ಇನ್ನೂ ಇದೆಯಾ ಎಂದು ನಾನು ಕೆಳಗೆ ಕೆಳಗೆ ಸರಿಸುತ್ತಲೇ ಇದ್ದೆ. ಸರಿಸಲು ಇನ್ನೇನೂ ಇಲ್ಲ ಎಂದು ತಿಳಿದ ಮೇಲೂ ಬೆರಳು ನಿಲ್ಲಲಿಲ್ಲ.

ಎದ್ದು ಮೆಟ್ಟಿಲ ಹತ್ತಿರ ಹೋಗಿ ಆಫೀಸಿಗೆ ಫೋನು ಮಾಡಿದೆ. ದೊಡ್ಡಮ್ಮ ಎತ್ತಿದಳು.

"ಈಗ ನೆನಪಾಯ್ತೇನೇ, ಪಾಪಿ! ಇವರು ಬೆಳಿಗ್ಗೆಯಿಂದ ಆ ಯಂತ್ರದ ಕೋಣೇಲಿ ಕೂತಿದಾರೆ. ಏನೋ ಫೈಲು ನೋಡ್ತಿದೀನಿ ಅಂತಾರೆ, ನೋಡೋದು ಬರೀ ಫೋನನ್ನ. ತಿಂಡಿ ಇಲ್ಲ, ಕಾಫಿ ಇಲ್ಲ. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ತೆಗೆದೇ ಇಟ್ಟಿದಾರೆ. ತಂಪೆಲ್ಲ ಆಚೆ ಹೋಗಿ ಯಂತ್ರ ಕಾದು ಕೂಗ್ತಾ ಇದೆ, ಮುಚ್ರೀ ಅಂದ್ರೂ ಕೇಳ್ತಿಲ್ಲ. ಮುಚ್ಚಿದ್ರೆ ಸಿಗ್ನಲ್ ಬರಲ್ವಂತೆ."

ಜೀವಮಾನದಲ್ಲಿ ಒಂದು ಬಾಗಿಲನ್ನೂ ತೆರೆದು ಬಿಟ್ಟವರಲ್ಲ ಅವರು. ನಾನು ಮೆಟ್ಟಿಲ ಮೇಲೆಯೇ ಕೂತೆ. ಅವರ ಮೊಬೈಲಿಗೆ ಕರೆ ಮಾಡಿದೆ. ಮೊದಲ ರಿಂಗು ಮುಗಿಯಲು ಬಿಡಲಿಲ್ಲ.

"ಹಲೋ."

"ದೊಡ್ಡಪ್ಪ, ನಾನು."

ಹಿಂದೆ ಯಂತ್ರ ಕೂಗುವುದು ಕೇಳಿಸುತ್ತಿತ್ತು. ಅವರ ಉಸಿರೂ.

"ಪೂರ್ತಿ ತಲುಪಿದ್ಯಾ?"

"ತಲುಪಿದೆ ದೊಡ್ಡಪ್ಪ. ಕೆಲಸಕ್ಕೂ ಸೇರ್ಕೊಂಡೆ. ಬೆಳಿಗ್ಗೆನೇ ಮಾಡ್ಬೇಕಿತ್ತು ನಾನು, ತಪ್ಪಾಯ್ತು."

ಅವರು ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಮೆಲ್ಲಗೆ ಕೇಳಿದರು.

"ಹಾಗಾದ್ರೆ ಬಾಗಿಲು ಮುಚ್ಚಬಹುದಾ?"

"ಮುಚ್ಚಿ ದೊಡ್ಡಪ್ಪ."

ಕುರ್ಚಿ ಎಳೆದ ಸದ್ದು ಕೇಳಿಸಿತು. ಬೀಗ ಟಿಕ್ ಎಂದಿತು. ಸಿಗ್ನಲ್ ಹೋಯಿತು.